ಎರಡೂ ಕಡೆ ಚಿ. ಸೌ.

ಸಿಡ್ನಿಯ ಪಶ್ಚಿಮ ಬಡಾವಣೆಗಳಲ್ಲಿರುವ, ಆ ಲಗ್ನಪತ್ರಿಕೆ ಕೈಸೇರಿರುವ ಎಲ್ಲ ಕನ್ನಡ ಬಂಧುಗಳಿಗೆ,



ಪತ್ರಿಕೆ ನಿಮಗೂ ಬಂದಿದೆ, ನಮಗೂ ಬಂದಿದೆ. ತಲೆಗೆ ಗಣಪತಿ, ನಾಲ್ಕು ಮೂಲೆಗೂ ಅರಿಶಿನ, ಒಳಗೆ ಪುಟ್ಟ ಪೊಟ್ಟಣದಲ್ಲಿ ಅಕ್ಷತೆ. (ಅಕ್ಷತೆ ಇಲ್ಲೇ ಕಲಸಿದ್ದು, ಊರಿನಿಂದ ಅಕ್ಕಿಕಾಳು ತಂದರೆ ವಿಮಾನ ನಿಲ್ದಾಣದಲ್ಲಿ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ.) ಅಚ್ಚಾದದ್ದು ಮಾತ್ರ ಬೆಂಗಳೂರಿನ ಚಿಕ್ಕಪೇಟೆಯಲ್ಲಿ. ಅಚ್ಚಿಗೆ ಹಾಕುವ ಮುಂಚೆ ಅಂಗಡಿಯವರು ಹುಡುಗಿಯ ಅಮ್ಮನಿಗೆ ಫೋನು ಮಾಡಿದರಂತೆ: “ಅಮ್ಮಾ, ಎರಡೂ ಕಡೆ ‘ಚಿ. ಸೌ.’ ಅಂತ ಬಂದಿದೆ. ಒಂದು ಕಡೆ ‘ಚಿ. ರಾ.’ ಆಗ್ಬೇಕಲ್ವಾ, ತಿದ್ದಿಬಿಡ್ಲಾ?” ಇವಳು ಒಂದು ಗಳಿಗೆ ಸುಮ್ಮನಿದ್ದು, “ತಪ್ಪಿಲ್ಲ, ಹಾಗೇ ಹಾಕಿ” ಎಂದಳಂತೆ. ಆ ಕಡೆಯೂ ಒಂದು ಗಳಿಗೆ ಮಾತಿಲ್ಲ. ಆಮೇಲೆ, “ಸರಿ ಅಮ್ಮಾ. ಎಷ್ಟು ಪ್ರತಿ?”

ಇಲ್ಲಿ ಅಷ್ಟು ಸಲೀಸಾಗಲಿಲ್ಲ. ಎರಡು ವಾರದಿಂದ ಸಂಜೆಯಾದರೆ ನಮ್ಮ ಮನೆಗಳ ಫೋನುಗಳಿಗೆ ಬಿಡುವಿಲ್ಲ. “ನೀವು ಹೋಗ್ತೀರಾ?” “ಅವರು ಹೋಗ್ತಾರಂತಾ?” “ಹೋದರೆ ಮಕ್ಕಳನ್ನ ಕರ್ಕೊಂಡು ಹೋಗೋದಾ?” ನಮ್ಮ ನಡುವಿನ ಹಿರಿಯರೊಬ್ಬರಂತೂ, “ಆ ದಿನ ಮೆಲ್ಬರ್ನಿಗೆ ಹೋಗೋದಿದೆ” ಎಂದು ಈಗಲೇ ಎಲ್ಲರಿಗೂ ಹೇಳಿಟ್ಟಿದ್ದಾರೆ. ಮದುವೆ ಇನ್ನೂ ಏಳು ವಾರ ಇದೆ. ಇಷ್ಟು ಮುಂಚಿತವಾಗಿ ಅವರು ಮೆಲ್ಬರ್ನಿಗೆ ಹೊರಟದ್ದನ್ನು ನಾನು ನೋಡಿಲ್ಲ.

ಯಾರ ಮನೆಯ ಮದುವೆ ಎಂದು ಬರೆಯುವುದಿಲ್ಲ. ಪತ್ರಿಕೆ ಬಂದವರಿಗೆ ಗೊತ್ತು, ಬಾರದವರಿಗೆ ಬೇಕಿಲ್ಲ. ಹುಡುಗಿಯನ್ನೂ ಅವಳ ಅಪ್ಪ ಅಮ್ಮನನ್ನೂ ಕೇಳಿಯೇ ಈ ಪತ್ರ ಬರೆಯಲು ಕೂತಿದ್ದೇನೆ. ಬನ್ನಿ ಎಂದು ಕರೆಯುವುದು ಅವರ ಕೆಲಸ, ಅದನ್ನವರು ಮಾಡಿಯಾಗಿದೆ. ನನಗೆ ಹೇಳಬೇಕಿರುವುದು ಬೇರೆ. ಈ ಮದುವೆಯ ಬಗ್ಗೆ ನೀವೂ ನಾನೂ ಈಗ ಮೊದಲ ಸಲ ಮಾತಾಡುತ್ತಿಲ್ಲ. 2017ರಲ್ಲೇ ನಮ್ಮನ್ನು ಕೇಳಿದ್ದರು, ಅಂಚೆಯಲ್ಲಿ. ಅವತ್ತು ನಾವು ಏನು ಉತ್ತರ ಕೊಟ್ಟೆವು, ಅದನ್ನು ಯಾರು ಓದಿದರು ಎನ್ನುವುದು ನನಗೆ ಗೊತ್ತಾದದ್ದು ಈಚೆಗೆ.

ಆ ಲಕೋಟೆ ನೆನಪಿದೆಯೇ? ಸೆಪ್ಟೆಂಬರ್ ನಡುವಿನಲ್ಲಿ ಬಂತು. ಒಳಗೆ ಒಂದು ಹಾಳೆ, ಒಂದೇ ಪ್ರಶ್ನೆ: ಒಂದೇ ಲಿಂಗದ ಜೋಡಿಗಳು ಮದುವೆಯಾಗಲು ಅವಕಾಶವಾಗುವಂತೆ ಕಾನೂನು ಬದಲಾಗಬೇಕೆ? ಎರಡು ಚೌಕ, ಹೌದು, ಅಲ್ಲ. ಜೊತೆಗೆ ಅಂಚೆಚೀಟಿ ಬೇಡದ ಮರುಲಕೋಟೆ. ಚುನಾವಣೆಯಲ್ಲಿ ಮತ ಹಾಕದಿದ್ದರೆ ದಂಡ ಹಾಕುವ ದೇಶ ಇದು. ಇದಕ್ಕೆ ಮಾತ್ರ ಕಡ್ಡಾಯವಿಲ್ಲ ಎಂದರು. ನಡೆಸಿದ್ದು ಚುನಾವಣಾ ಆಯೋಗವೂ ಅಲ್ಲ, ಜನಗಣತಿ ಮಾಡುವ ಅಂಕಿಅಂಶ ಇಲಾಖೆ. (ಅದರ ಹಿಂದಿನ ವರ್ಷವಷ್ಟೇ ಜನಗಣತಿಯ ರಾತ್ರಿ ಅವರ ಜಾಲತಾಣ ಮಲಗಿಬಿಟ್ಟಿತ್ತು, ನಾವೆಲ್ಲ ನಕ್ಕಿದ್ದೆವು.) ಲಕೋಟೆಯೊಳಗೆ ಮಿನುಗುಪುಡಿ ತುಂಬಿ ಕಳಿಸಬೇಡಿ, ಯಂತ್ರ ಕೆಡುತ್ತದೆ ಎಂದು ಇಲಾಖೆ ಜನರನ್ನು ಬೇಡಿಕೊಳ್ಳಬೇಕಾಯಿತು. ಸಂಸತ್ತಿನಲ್ಲಿ ಒಂದು ಮಧ್ಯಾಹ್ನ ಮುಗಿಯಬಹುದಾಗಿದ್ದ ಕೆಲಸಕ್ಕೆ 12.2 ಕೋಟಿ ಡಾಲರು ತೆಗೆದಿಟ್ಟು, ಕೊನೆಗೆ 8 ಕೋಟಿಗೂ ಸ್ವಲ್ಪ ಹೆಚ್ಚು ಖರ್ಚು ಮಾಡಿದರು.

ಸಂಸತ್ತಿನಲ್ಲೇ ಮುಗಿಯಬಹುದಿತ್ತು ಎಂದು ಸುಮ್ಮನೆ ಹೇಳುತ್ತಿಲ್ಲ. ಐರ್ಲೆಂಡಿನಲ್ಲಿ 2015ರಲ್ಲಿ ಜನಮತ ಕೇಳಿದ್ದು ಸಂವಿಧಾನವನ್ನೇ ತಿದ್ದಬೇಕಿದ್ದುದರಿಂದ. ಇಲ್ಲಿ ಹಾಗಿರಲಿಲ್ಲ. ಮದುವೆಯ ಕಾನೂನು ಸಂಸತ್ತಿನ ಕೈಯಲ್ಲಿದೆ ಎಂದು ಇಲ್ಲಿನ ಹೈಕೋರ್ಟು 2013ರಲ್ಲೇ ಹೇಳಿತ್ತು. 1961ರ ಮದುವೆ ಕಾಯಿದೆಯೊಳಗೆ ‘ಒಬ್ಬ ಗಂಡು, ಒಬ್ಬ ಹೆಣ್ಣು’ ಎಂಬ ವ್ಯಾಖ್ಯೆಯನ್ನು ಹೊಲಿದು ಸೇರಿಸಿದ್ದು 2004ರಲ್ಲಿ, ಜಾನ್ ಹೊವಾರ್ಡ್ ಸರಕಾರ. ಆಗ ಯಾರ ಮನೆಗೂ ಲಕೋಟೆ ಬರಲಿಲ್ಲ. ಬಾಗಿಲಿಗೆ ಬೀಗ ಹಾಕುವಾಗ ಯಾರನ್ನೂ ಕೇಳಲಿಲ್ಲ. ತೆಗೆಯುವಾಗ ಒಂದೂವರೆ ಕೋಟಿಗೂ ಹೆಚ್ಚು ಜನರನ್ನು ಕೇಳಿದರು.

ಆ ಎರಡು ತಿಂಗಳು ಹೇಗಿತ್ತೆಂದು ನೆನಪು ಮಾಡಿಕೊಳ್ಳಿ. ಒಂದು ಭಾನುವಾರ ಸಿಡ್ನಿಯ ಆಕಾಶದಲ್ಲಿ ವಿಮಾನವೊಂದು ಹೊಗೆಯಿಂದ ‘ವೋಟ್ ನೋ’ ಎಂದು ಬರೆಯಿತು. ಟೀವಿಯಲ್ಲಿ ತಾಯಂದಿರು ಬಂದು ಶಾಲೆಗಳಲ್ಲಿ ಮಕ್ಕಳಿಗೆ ಏನೇನು ಕಲಿಸಿಬಿಡುತ್ತಾರೋ ಎಂದು ಭಯಪಟ್ಟರು. ಕಾಫಿ ಅಂಗಡಿಗಳ ಕಿಟಕಿಗೆ ಕಾಮನಬಿಲ್ಲು ಬಂತು. ಅವಹೇಳನ ಅತಿಯಾಗಬಾರದೆಂದು ಆ ಸಮೀಕ್ಷೆಯ ಮಟ್ಟಿಗೇ ಒಂದು ತಾತ್ಕಾಲಿಕ ಕಾನೂನನ್ನೂ ತಂದರು. ಯಾರದೋ ಮದುವೆಯ ಬಗ್ಗೆ ಊರು ಮಾತಾಡುವಾಗ ಬೈಗುಳ ತಡೆಯಲು ಕಾನೂನು ಬೇಕಾಯಿತೆಂದರೆ, ಆ ಮಾತು ಎಂಥದಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮಾತು ಅಷ್ಟು ಜೋರಿರಲಿಲ್ಲ, ನಿಜ. ನಾವು ಹೆಲೆನ್ಸ್‌ಬರ್ಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತ ಮೆಲ್ಲಗೆ ಮಾತಾಡಿದೆವು. “ಇವೆಲ್ಲ ಬಿಳಿಯರ ಸಮಸ್ಯೆ.” “ನಮ್ಮಲ್ಲಿ ಅಂಥವರು ಇಲ್ಲ.” “ನಮ್ಮ ಪುರೋಹಿತರನ್ನ ಬಲವಂತ ಮಾಡಿದರೆ?” ನಾನೂ ಅಲ್ಲೇ ಕೂತಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಹೇಳಿದ ಮಾತು ಮಾತ್ರ ನನಗೆ ಈಗಲೂ ಗೌರವದ್ದೆನಿಸುತ್ತದೆ: “ಅಮ್ಮಾ, ನನಗೆ ಅವರ ಮೇಲೆ ದ್ವೇಷ ಇಲ್ಲ. ಒಟ್ಟಿಗೆ ಇರಲಿ, ಆಸ್ತಿ ಬರೆದುಕೊಳ್ಳಲಿ. ಮದುವೆ ಅನ್ನೋ ಶಬ್ದ ಒಂದನ್ನ ಬಿಟ್ಟುಕೊಡೋಕೆ ಮನಸ್ಸು ಒಪ್ಪೋದಿಲ್ಲ.” ಅಷ್ಟೇ ಅವರ ತಕರಾರು. ಅವರು ‘ಅಲ್ಲ’ ಎಂದು ಗುರುತು ಹಾಕಿದರು, ಹಾಕಿದೆ ಎಂದು ಹೇಳಿಕೊಂಡರು. ಹೇಳಿಕೊಳ್ಳದೆ ಹಾಕಿದವರಿಗಿಂತ ಅವರೊಡನೆ ವಾದ ಮಾಡುವುದು ಸುಲಭ.

ಶಬ್ದದ ಮಾತಿಗೆ ಬರೋಣ, ಯಾಕೆಂದರೆ ನಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿ ಇರುವುದು ಅದೇ.

ನನ್ನ ಮದುವೆ ಹಾಸನದಲ್ಲಿ ಆದದ್ದು 1996ರಲ್ಲಿ. ಅಗ್ನಿಸಾಕ್ಷಿ, ಸಪ್ತಪದಿ, ಎಂಟುನೂರು ಜನರ ಊಟ. ಆದರೆ ಈ ದೇಶದ ವೀಸಾಕ್ಕೆ ಅಗ್ನಿಯ ಸಾಕ್ಷಿ ನಡೆಯಲಿಲ್ಲ. ಸಬ್ ರಿಜಿಸ್ಟ್ರಾರರ ಮೊಹರು ಬೇಕೆಂದರು, ಮದುವೆಯ ಆಲ್ಬಮ್ಮಿನ ಫೋಟೋ ಕೇಳಿದರು, ನಾವಿಬ್ಬರೂ ಬರೆದುಕೊಂಡ ಕಾಗದಗಳ ಪ್ರತಿ ಕೇಳಿದರು. ಗಂಡ ನನಗೆ ಬರೆದ ಕಾಗದವನ್ನು ಯಾರೋ ಅಧಿಕಾರಿ ಓದುತ್ತಾನಲ್ಲ ಎಂದು ಅತ್ತೆ ಬೈದುಕೊಂಡೇ ಜೆರಾಕ್ಸ್ ಮಾಡಿಸಿ ಕೊಟ್ಟರು. ದೇವರ ಮುಂದಿನ ಮದುವೆ ಬೇರೆ, ಸರಕಾರದ ಮುಂದಿನ ಮದುವೆ ಬೇರೆ ಎನ್ನುವುದು ನಮ್ಮಂಥ ವಲಸೆ ಬಂದವರಿಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು? 2017ರಲ್ಲಿ ಕೇಳಿದ್ದು ಎರಡನೆಯದರ ಬಗ್ಗೆ. ಮೊದಲನೆಯದನ್ನು ಯಾರೂ ಮುಟ್ಟಲಿಲ್ಲ. ಪುರೋಹಿತರಾಗಲಿ, ಪಾದ್ರಿಯಾಗಲಿ, ಇಮಾಮರಾಗಲಿ ಇಂಥ ಮದುವೆ ಮಾಡಿಸಲಾರೆ ಎಂದರೆ ಅವರನ್ನು ಬಲವಂತ ಮಾಡುವಂತಿಲ್ಲ ಎಂದು ಕಾನೂನಿನಲ್ಲೇ ಇದೆ. ನಮ್ಮ ಹುಡುಗಿಗೂ ಒಬ್ಬರು ಆಗುವುದಿಲ್ಲ ಎಂದರು, ಇನ್ನೊಬ್ಬರು ಒಪ್ಪಿದರು. ಒಪ್ಪದವರ ಮೇಲೆ ಅವರಿಗೆ ಕೋಪವೂ ಇಲ್ಲ.

ಇಲ್ಲಿ ಮದುವೆ ನಡೆಸುವ ಸರಕಾರಿ ಪರವಾನಗಿಯ ನಿರ್ವಾಹಕರು ಕಾನೂನಿನ ಪ್ರಕಾರ ಒಂದು ವಾಕ್ಯ ಹೇಳಲೇಬೇಕಲ್ಲ, ನಮ್ಮ ಮಕ್ಕಳ ಮದುವೆಗಳಲ್ಲಿ ಎಷ್ಟು ಸಲ ಕೇಳಿದ್ದೇವೆ: ಮದುವೆಯೆಂದರೆ ಒಬ್ಬ ಗಂಡು ಮತ್ತು ಒಬ್ಬ ಹೆಣ್ಣು, ಬೇರೆಲ್ಲರನ್ನೂ ಬಿಟ್ಟು, ಸ್ವಂತ ಇಚ್ಛೆಯಿಂದ, ಬಾಳಿನುದ್ದಕ್ಕೂ ಒಂದಾಗುವುದು ಎಂದು. ಡಿಸೆಂಬರ್ 9, 2017ರಿಂದ ಅದರಲ್ಲಿ ‘ಒಬ್ಬ ಗಂಡು ಮತ್ತು ಒಬ್ಬ ಹೆಣ್ಣು’ ಹೋಗಿ ‘ಇಬ್ಬರು ವ್ಯಕ್ತಿಗಳು’ ಬಂತು. ಉಳಿದ ಮಾತುಗಳು ಹಾಗೆಯೇ ಇವೆ: ಬೇರೆಲ್ಲರನ್ನೂ ಬಿಟ್ಟು, ಸ್ವಂತ ಇಚ್ಛೆಯಿಂದ, ಬಾಳಿನುದ್ದಕ್ಕೂ. ಮೇಷ್ಟ್ರೇ, ನೀವು ಕಾಯಬೇಕೆಂದ ಶಬ್ದದ ತಿರುಳು ಇವೇ ಮೂರು ಅಲ್ಲವೇ? ನಮ್ಮ ಎಷ್ಟು ಮದುವೆಗಳಲ್ಲಿ ‘ಸ್ವಂತ ಇಚ್ಛೆ’ ಇತ್ತು ಎನ್ನುವುದು ಇನ್ನೊಂದು ಪತ್ರದ ವಿಷಯ.

“ಅವರಿಗೆ ಎಲ್ಲ ಹಕ್ಕೂ ಇತ್ತಲ್ಲ” ಎಂಬ ಮಾತೂ ಇದೆ. ಬಹುಪಾಲು ಇತ್ತು, ನಿಜ. ಜೊತೆಗೆ ಬಾಳುವ ಜೋಡಿಗಳಿಗೆಂದು 2008ರಲ್ಲೇ ಬಹಳಷ್ಟು ಕಾನೂನುಗಳನ್ನು ತಿದ್ದಿದ್ದರು. ಆದರೆ 2016ರ ಜನವರಿಯಲ್ಲಿ ಏನಾಯಿತು ನೋಡಿ. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ಮದುವೆಯಾದ ಇಬ್ಬರು ಗಂಡಸರು ಮಧುಚಂದ್ರಕ್ಕೆಂದು ಇಲ್ಲಿಗೆ ಬಂದಿದ್ದರು. ಅಡಿಲೇಡಿನಲ್ಲಿ ಅವರಲ್ಲೊಬ್ಬ ಬಿದ್ದು ತೀರಿಕೊಂಡ. ಮರಣಪತ್ರದಲ್ಲಿ ಬರೆದದ್ದು: ಎಂದೂ ಮದುವೆಯಾಗಿಲ್ಲ. ಆ ರಾಜ್ಯದ ಮುಖ್ಯಸ್ಥರು ಆಮೇಲೆ ಕ್ಷಮೆ ಕೇಳಿದರು. ಗಂಡ ಸತ್ತ ದಿನ ಸರಕಾರದ ಕಾಗದ ಬಂದು ‘ನಿನಗೆ ಗಂಡನೇ ಇರಲಿಲ್ಲ’ ಎಂದರೆ ಹೇಗಿರುತ್ತದೆಂದು ಯೋಚಿಸಲು ನನಗೆ ದೊಡ್ಡ ತತ್ವವೇನೂ ಬೇಕಾಗಲಿಲ್ಲ.

ಇಷ್ಟೆಲ್ಲ ತಿಳಿದಿದ್ದೂ ನಾನು ಏನು ಮಾಡಿದೆ?

ನಮ್ಮ ಮನೆಯ ಎರಡು ಲಕೋಟೆಗಳು ಫ್ರಿಜ್ಜಿನ ಬಾಗಿಲ ಮೇಲೆ, ಪಿಜ್ಜಾ ಅಂಗಡಿಯವರು ಕೊಟ್ಟ ಅಯಸ್ಕಾಂತದ ಕೆಳಗೆ, ಎಂಟು ವಾರ ನೇತಾಡುತ್ತಿದ್ದವು. ಹಾಲು ತೆಗೆಯುವಾಗ, ಮೊಸರು ಇಡುವಾಗ ದಿನಕ್ಕೆ ಹತ್ತು ಸಲ ನೋಡಿದೆ. ‘ಅಲ್ಲ’ ಎನ್ನಲು ಮನಸ್ಸಿರಲಿಲ್ಲ. ‘ಹೌದು’ ಎಂದರೆ ಯಾರಿಗಾದರೂ ತಿಳಿದು ಏನಂದುಕೊಂಡಾರೋ ಎಂಬ ಅಳುಕು. ಗುಟ್ಟಿನ ಲಕೋಟೆಗೂ ಹೆದರುವಷ್ಟು ಊರನ್ನು ನಾನು ಹೊಟ್ಟೆಯೊಳಗೆ ಇಟ್ಟುಕೊಂಡು ಬಂದಿದ್ದೆ. ನಮ್ಮನೆಯವರು, “ನಮಗ್ಯಾಕೆ ಊರ ಉಸಾಬರಿ” ಎಂದರು. ನವೆಂಬರ್ 7ರ ಗಡುವು ಮುಗಿಯಿತು. ಹಳದಿ ಮುಚ್ಚಳದ ಡಬ್ಬಿಗೆ, ಹಾಲಿನ ಖಾಲಿ ಕ್ಯಾನುಗಳ ಜೊತೆ ಅವೂ ಹೋದವು.

ನವೆಂಬರ್ 15, ಬುಧವಾರ, ಬೆಳಗ್ಗೆ ಹತ್ತು ಗಂಟೆಗೆ ಫಲಿತಾಂಶ. ಹೌದು ಎಂದವರು 78,17,247. ಅಲ್ಲ ಎಂದವರು 48,73,987. ಶೇಕಡಾ 61.6ಕ್ಕೆ 38.4. ನನ್ನಂತೆ ಉತ್ತರವನ್ನೇ ಕಳಿಸದವರು ಐವರಲ್ಲಿ ಒಬ್ಬರು. 150 ಕ್ಷೇತ್ರಗಳಲ್ಲಿ 133 ಒಪ್ಪಿದವು, 17 ಒಪ್ಪಲಿಲ್ಲ. ಆ 17ರಲ್ಲಿ 12 ನಮ್ಮ ರಾಜ್ಯದವು, ಅವುಗಳಲ್ಲೂ ಹೆಚ್ಚಿನವು ನಾವೇ ಇರುವ ಸಿಡ್ನಿಯ ಪಶ್ಚಿಮದವು. ಬ್ಲಾಕ್ಸ್‌ಲ್ಯಾಂಡ್ ಶೇಕಡಾ 73.9 ‘ಅಲ್ಲ’. ಗ್ರೀನ್‌ವೇ 53.6 ‘ಅಲ್ಲ’. ಇನ್ನು ಪ್ಯಾರಮಟ್ಟಾ: 61.6 ‘ಅಲ್ಲ’, 38.4 ‘ಹೌದು’. ದೇಶದ ಅಂಕಿಯನ್ನು ಕನ್ನಡಿಯಲ್ಲಿ ಹಿಡಿದ ಹಾಗೆ, ದಶಾಂಶವೂ ಬಿಡದೆ ತಿರುಗುಮುರುಗು.

ಅವತ್ತಿನ ಪತ್ರಿಕೆಗಳು ‘ವಲಸಿಗರ ಬಡಾವಣೆಗಳು’ ಎಂದು ನಮ್ಮ ಕಡೆ ಬೊಟ್ಟು ಮಾಡಿದಾಗ ನನಗೆ ಮೈ ಉರಿದಿತ್ತು, ಈಗಲೂ ಉರಿಯುತ್ತದೆ. ಕ್ವೀನ್ಸ್‌ಲ್ಯಾಂಡಿನ ಮಾರನೋವಾ, ಕೆನಡಿ, ಗ್ರೂಮ್ ಕ್ಷೇತ್ರಗಳೂ ಒಪ್ಪಲಿಲ್ಲ. ಅಲ್ಲಿ ಯಾವ ವಲಸಿಗರು? ಪ್ಯಾರಮಟ್ಟಾದಲ್ಲಿ ಲೆಬನಾನಿನವರಿದ್ದಾರೆ, ಚೀನೀಯರಿದ್ದಾರೆ, ಗುಜರಾತಿಗಳು, ತಮಿಳರು, ತಲೆಮಾರುಗಳಿಂದ ಇಲ್ಲೇ ಇರುವವರು. ನಮ್ಮಲ್ಲೇ ಅರ್ಧಕ್ಕರ್ಧ ಜನ ಆಗಿನ್ನೂ ಪೌರರಾಗಿರಲಿಲ್ಲ, ಅವರಿಗೆ ಲಕೋಟೆಯೇ ಬರಲಿಲ್ಲ. ಕನ್ನಡದವರು ಯಾವ ಕಡೆ ಗುರುತು ಹಾಕಿದರೆಂದು ಯಾವ ಪಟ್ಟಿಯಲ್ಲೂ ಇಲ್ಲ. ಈ ವಾದವನ್ನು ನಾನು ಬಹಳ ಸಲ ಮಾಡಿದ್ದೇನೆ, ಆಫೀಸಿನ ಊಟದ ಮೇಜಿನಲ್ಲಿ ಗೆದ್ದೂ ಇದ್ದೇನೆ.

ಕಳೆದ ಯುಗಾದಿಗೆ ಆ ಹುಡುಗಿ ನಮ್ಮ ಮನೆಗೆ ಬಂದಿದ್ದಳು, ತನ್ನ ಮದುವೆಯ ಸುದ್ದಿ ಹೇಳುವುದಕ್ಕೆ. ಒಬ್ಬಟ್ಟು ತಿನ್ನುತ್ತ ಹೇಳಿದಳು. 2017ರಲ್ಲಿ ಅವಳಿಗೆ ಹದಿನಾರು. ಹದಿನೆಂಟಾಗದವರಿಗೆ ಲಕೋಟೆ ಇಲ್ಲವಲ್ಲ. ಅವಳ ಮದುವೆಯ ಬಗ್ಗೆ ದೇಶದಲ್ಲೆಲ್ಲರೂ ಮತ ಹಾಕಿದರು, ಅವಳೊಬ್ಬಳನ್ನು ಬಿಟ್ಟು. ಫಲಿತಾಂಶದ ದಿನ ತರಗತಿಯಲ್ಲಿ ಟೀಚರು ಪರದೆಯ ಮೇಲೆ ಹಾಕಿ ತೋರಿಸಿದರಂತೆ, ಹುಡುಗಿಯರು ಚಪ್ಪಾಳೆ ತಟ್ಟಿದರಂತೆ, ಇವಳೂ ತಟ್ಟಿದಳಂತೆ. ಆಗ ಅವಳು ಯಾರಿಗೂ ಏನೂ ಹೇಳಿರಲಿಲ್ಲ. ರಾತ್ರಿ ಹೊದಿಕೆಯೊಳಗೆ ಫೋನಿನಲ್ಲಿ ಕ್ಷೇತ್ರವಾರು ಪಟ್ಟಿ ತೆಗೆದು ನೋಡಿದಳು.

“ಆಂಟಿ, ನಮ್ಮ ಬೀದಿ ಲೆಕ್ಕ ಹಾಕಿದೆ. ಹತ್ತರಲ್ಲಿ ಆರು ಮನೆ ಅಂದ್ರೆ ಯಾವ ಆರು ಅಂತ. ನಮ್ಮ ಅಪ್ಪ ಅಮ್ಮಂದೇ ಒಂದಾ ಅಂತ ಅನುಮಾನ. ಹಬ್ಬಕ್ಕೆ ಬರೋ ಒಬ್ಬೊಬ್ಬ ಅಂಕಲ್ ಆಂಟೀನೂ ಆ ಕಡೆ ಈ ಕಡೆ ಹಾಕ್ತಾ ಹೋದೆ. ನಿಮ್ಮನ್ನ ಎಲ್ಲಿ ಹಾಕೋದು ಅಂತ ಗೊತ್ತಾಗ್ಲಿಲ್ಲ.”

ಗುಟ್ಟಿನ ಮತದಾನ ಎಂದುಕೊಂಡಿದ್ದೆವಲ್ಲ. ನಮ್ಮ ಹೆಸರು ಗುಟ್ಟಾಗಿತ್ತು, ಸರಿ. ಮೊತ್ತ ಗುಟ್ಟಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಬಾಯಿಬಿಡದೆ ಬೆಳೆಯುತ್ತಿದ್ದ ಮಕ್ಕಳಿಗೆ ಆ ಅಂಕಿ ಒಂದು ಕಾಗದವಾಗಿ ಹೋಗಿ ತಲುಪಿತು: ನಿನ್ನ ಸುತ್ತಲಿನ ನೂರರಲ್ಲಿ ಅರವತ್ತೊಂದು ಜನಕ್ಕೆ ನೀನು ಬೇಡ. ನಾವು ಬರೆದದ್ದು ಅದಲ್ಲ ಎಂದು ಎಷ್ಟು ಹೇಳಿದರೂ ಅವಳು ಓದಿದ್ದು ಅದನ್ನೇ. ಅವಳು ಬಾಯಿಬಿಡಲು ಆಮೇಲೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷ ನಾವೆಲ್ಲ ಅವಳಿಗೆ, “ಯಾವಾಗ ಪಾಯಸ ಹಾಕಿಸ್ತೀಯಾ?” ಎಂದು ಹಬ್ಬ ಹಬ್ಬಕ್ಕೂ ಕೇಳುತ್ತಿದ್ದೆವು.

ನಾನು ಫ್ರಿಜ್ಜಿನ ಕತೆ ಹೇಳಿದೆ. ಬೇರೇನು ಹೇಳುವುದು? ಅವಳು ಕೇಳಿ, “ಪಿಜ್ಜಾ ಮ್ಯಾಗ್ನೆಟ್ಟಾ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಈ ಜಾಗದಲ್ಲಿ ಶಿಖಂಡಿಯನ್ನೋ ದೇವಸ್ಥಾನದ ಗೋಡೆಯ ಶಿಲ್ಪಗಳನ್ನೋ ತಂದು, “ನಮ್ಮಲ್ಲೂ ಇತ್ತು” ಎಂದು ವಾದಿಸುವ ರೂಢಿಯಿದೆ. ನಾನು ಆ ದಾರಿ ಹಿಡಿಯುವುದಿಲ್ಲ. ಪುರಾಣದಲ್ಲಿ ಇರದಿದ್ದರೆ ಹುಡುಗಿ ಮದುವೆಯಾಗಬಾರದಿತ್ತೇ? ನನಗೆ ನೆನಪಾಗುವುದು ಕಲ್ಯಾಣ. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟು ಮದುವೆ ಮಾಡಿದ್ದಕ್ಕೆ ಆ ಇಬ್ಬರು ಅಪ್ಪಂದಿರನ್ನು ಎಳೆಹೂಟೆ ಕಟ್ಟಿಸಿ ಕೊಂದರು ಎಂದು ನಾವೆಲ್ಲ ಕೇಳುತ್ತ ಬೆಳೆದವರು. ಬಸವ ಜಯಂತಿಗೆ ಅದನ್ನೇ ನಾಟಕ ಆಡಿಸಿ ಕಣ್ಣೊರೆಸಿಕೊಳ್ಳುತ್ತೇವೆ. ಆಗ ಕಲ್ಯಾಣದ ಮನೆಮನೆಗೂ ಲಕೋಟೆ ಕಳಿಸಿದ್ದರೆ? ಶೇಕಡಾ 61.6 ಕೂಡ ಸಿಗುತ್ತಿರಲಿಲ್ಲ, ಬಿಡಿ. ಅಷ್ಟು ದೂರ ಯಾಕೆ, ನನ್ನ ಚಿಕ್ಕಮ್ಮ ಜಾತಿ ಬಿಟ್ಟು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಾಗ ವಿಶೇಷ ವಿವಾಹ ಕಾಯಿದೆಯಂತೆ ಮೂವತ್ತು ದಿನ ಅವಳ ಹೆಸರು ಗೋಡೆಯ ಫಲಕದಲ್ಲಿತ್ತು, ಆಕ್ಷೇಪಣೆ ಇದ್ದವರು ಬರಲೆಂದು. ಊರೆಲ್ಲ ಹೋಗಿ ಓದಿಕೊಂಡು ಬಂತು. ಇಲ್ಲಿಯೂ ಮದುವೆಗೆ ಒಂದು ತಿಂಗಳ ಮುಂಚೆ ನೋಟಿಸು ಕೊಡಬೇಕು, ಆದರೆ ಅದನ್ನು ಗೋಡೆಗೆ ಅಂಟಿಸುವುದಿಲ್ಲ. ಗೋಡೆಯ ಕೆಲಸವನ್ನು ಈಗ ನಮ್ಮ ಫೋನುಗಳು ಮಾಡುತ್ತಿವೆ.

ಊರಿನವರ ಮಾತೂ ಬಂತು. “ಇಂಡಿಯಾದಲ್ಲಿ ಸುಪ್ರೀಂ ಕೋರ್ಟೇ ಒಪ್ಪಲಿಲ್ಲ” ಎಂದು ಒಬ್ಬರು ನನಗೆ ನೆನಪಿಸಿದರು. 2023ರ ಅಕ್ಟೋಬರ್ 17ರ ತೀರ್ಪು, ಐವರು ನ್ಯಾಯಮೂರ್ತಿಗಳದು. ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದರು. ಹೌದು. ಅಂದರೆ ಈ ಹುಡುಗಿಯರು ಅಜ್ಜಿಯ ಆಶೀರ್ವಾದಕ್ಕೆಂದು ಬೆಂಗಳೂರಿನಲ್ಲಿ ಇಳಿದ ಕೂಡಲೇ ಅವರ ಮದುವೆ ಕಾಗದದ ಮಟ್ಟಿಗೆ ಇಲ್ಲದ್ದಾಗುತ್ತದೆ. ಅಲ್ಲಿ ಕೋರ್ಟು ಸಂಸತ್ತಿನ ಕಡೆ ಕೈ ತೋರಿಸಿತು. ಇಲ್ಲಿ ಸಂಸತ್ತು ಜನರ ಕಡೆ ಕೈ ತೋರಿಸಿತ್ತು. ಜನರ ಉತ್ತರ ಬಂದ ಮೇಲೆ ಕೆಳಮನೆಯಲ್ಲಿ ವಿರುದ್ಧ ಮತ ಹಾಕಿದವರು ನಾಲ್ಕೇ ಮಂದಿ. ‘ಅಲ್ಲ’ ಎಂದ ಹದಿನೇಳು ಕ್ಷೇತ್ರಗಳಲ್ಲಿ ಹೆಚ್ಚಿನವುಗಳ ಪ್ರತಿನಿಧಿಗಳೂ ತಮ್ಮ ಮತದಾರರ ಮಾತನ್ನು ಬದಿಗಿಟ್ಟರು. ಅದಕ್ಕೂ ನಮ್ಮಲ್ಲಿ ಕೆಲವರಿಗೆ ಅಸಮಾಧಾನ ಇದೆ. ಅಲ್ಪಸಂಖ್ಯಾತರಾಗಿ ಈ ದೇಶಕ್ಕೆ ಬಂದು ಕೂತಿರುವ ನಮಗೆ, ಬೀದಿಯ ಬಹುಮತ ಹೇಳಿದ್ದೇ ಆಗಬೇಕು ಎಂಬ ಆಸೆ ಅಷ್ಟು ಕ್ಷೇಮದ್ದಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಇನ್ನೊಬ್ಬ ಮದುಮಗಳ ಕಡೆಯವರ ವಿಷಯ ಕೇಳಿದವರಿಗೆ: ಅವರು ಟೂವೂಂಬಾದವರು, ಹಾಲಿನ ಹಸು ಸಾಕಿದ ಮನೆತನ. ಅವರ ಕ್ಷೇತ್ರದ ಹೆಸರು ಗ್ರೂಮ್. ಮದುಮಗನೇ ಇಲ್ಲದ ಮದುವೆಗೆ ಗ್ರೂಮಿನಿಂದ ದಿಬ್ಬಣ ಬರುತ್ತಿದೆ ಎಂದು ಹುಡುಗಿಯ ಅಪ್ಪ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಾನೆ, ಮೂರು ಸಲ ಕೇಳಿದರೂ ನಗಬೇಕು. ಆ ಕ್ಷೇತ್ರವೂ ಕೂದಲೆಳೆಯಲ್ಲಿ ‘ಅಲ್ಲ’ ಎಂದಿತ್ತು. ಅಲ್ಲಿನ ಅಜ್ಜಿ, ಎಂಬತ್ತಮೂರು ವರ್ಷ, ತಾನೂ ‘ಅಲ್ಲ’ ಎಂದೇ ಗುರುತು ಹಾಕಿದ್ದೆ ಎಂದು ಮೊಮ್ಮಗಳಿಗೆ ಎದುರಿಗೇ ಹೇಳಿದಳಂತೆ, ಹೇಳಿ ಮದುವೆಗೆ ಯಾವ ಬಣ್ಣದ ಸೀರೆ ಉಡಬೇಕು ಎಂದು ಕೇಳಿದಳಂತೆ. ಮೇಷ್ಟ್ರೇ, ನಿಮ್ಮನ್ನು ಅವರ ಪಕ್ಕ ಕೂರಿಸಬೇಕೆಂದು ನನ್ನ ಯೋಚನೆ. ಮಾತಾಡಲು ವಿಷಯ ಇರುತ್ತದೆ.

ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಒಪ್ಪಿಗೆ ಇಲ್ಲದೆಯೂ ಊಟಕ್ಕೆ ಬಂದು ಹರಸಿ ಹೋಗುವುದು ನಮ್ಮ ಕಡೆಯ ಮದುವೆಗಳಲ್ಲಿ ಹೊಸದೇನಲ್ಲ. ನನ್ನ ಮದುವೆಯಲ್ಲೇ ಸೋದರಮಾವ ಮುಖ ಗಂಟಿಕ್ಕಿಕೊಂಡೇ ನಾಲ್ಕು ಒಬ್ಬಟ್ಟು ತಿಂದಿದ್ದ. ಬರುವುದಿಲ್ಲವಾದರೆ ಬರುವುದಿಲ್ಲ ಎಂದು ಆ ತಾಯಿಗೆ ನೇರವಾಗಿ ಹೇಳಿ. ಮೆಲ್ಬರ್ನಿಗೆ ಹೋಗಬೇಡಿ. ಅಡುಗೆಯವರಿಗೆ ಲೆಕ್ಕ ಕೊಡಬೇಕು. ಎಲೆ ಊಟ, ಬಿಸಿಬೇಳೆಬಾತಿದೆ, ಕಾಯಿಹೋಳಿಗೆ ಇದೆ. ಪತ್ರಿಕೆಯ ಜೊತೆಗಿನ ಉತ್ತರದ ಚೀಟಿಗೆ ಈ ಸಲವೂ ಹೌದು, ಇಲ್ಲ ಎಂದು ಎರಡೇ ಚೌಕ. ಹೆಸರು ಬರೆಯುವ ಜಾಗವೂ ಇದೆ. ನಮ್ಮದನ್ನು ಹುಡುಗಿಯ ಕೈಗೇ ಕೊಟ್ಟು ಬಂದೆ.

ಧಾರೆ ಎರೆಯುವುದು ಎರಡೂ ಕಡೆಯ ಅಪ್ಪ ಅಮ್ಮ. ಟೂವೂಂಬಾದವರಿಗೆ ನೀರು ಹೇಗೆ ಬಿಡಬೇಕೆಂದು ಹಿಂದಿನ ದಿನ ತೋರಿಸಿಕೊಡಬೇಕು. ಎರಡು ತಾಮ್ರದ ಚೊಂಬು ಬೇಕಂತೆ, ಅವರಲ್ಲಿ ಇರುವುದು ಒಂದೇ. ನಮ್ಮ ಅತ್ತೆಯ ಕಾಲದ್ದೊಂದು ಅಟ್ಟದ ಮೇಲೆ ಕಪ್ಪಾಗಿ ಕೂತಿತ್ತು, ಇಳಿಸಿದ್ದೇನೆ. ಹುಣಿಸೆಹಣ್ಣು ನೆನೆಹಾಕಿದ್ದೇನೆ.

ಇಂತಿ,
ನಿಮ್ಮಲ್ಲೊಬ್ಬಳು
ಪ್ಯಾರಮಟ್ಟಾ